ಅಡಿವೆಪ್ಪ ಫೋನಿನ್ಯಾಗ ರೊಟ್ಟಿ ಮಾರಿದ್ದು

ಹೂಂ ಅನ್ನೋರು ಮುಂದ ಬರ್ರಿ, ತೂಕಡಿಸೋರು ಹಿಂದ ಹೋಗ್ರಿ. ಹೂಂ ಅನ್ನಲಿಲ್ಲಂದ್ರ ನನ್ನ ಕತಿ ಒಂದ ಹೆಜ್ಜಿ ಮುಂದಕ ಇಡಂಗಿಲ್ಲ, ಅದಕ್ಕೂ ನನ್ನಷ್ಟ ಹಟ ಐತಿ.

ನಮ್ಮ ಓಣಿಯಾಗ ನೀಲವ್ವ ಅಂತ ಒಬ್ಬಾಕಿ. ಆಕಿ ಬಡಿದ ಕಟಕ ರೊಟ್ಟಿ ಮುರದ್ರ ಆಜೂಬಾಜೂ ಮನಿಗೆ ಸಪ್ಪಳ ಕೇಳಬೇಕು, ಹಂಗಿತ್ತು ಕೈ. ಗಂಡ ಇಲ್ಲ. ಒಬ್ಬನೇ ಮಗ, ಅಡಿವೆಪ್ಪ. ಮೈಯಾಗ ಆನಿ ಬಲ, ಮನಸ್ಸು ಬೆಣ್ಣಿ, ತಲಿ ಮಾತ್ರ ಆ ಶಿವನ ಬಲ್ಲ. ಹೇಳಿದ್ದು ಮಾಡ್ತಿದ್ದ. ಹೇಳಿದಷ್ಟ ಮಾಡ್ತಿದ್ದ! "ಬಾಗಲ ನೋಡಕೋತ ಕುಂದ್ರಪಾ" ಅಂದ್ರ ಬಾಗಲಾನ ನೋಡಕೋತ ಕುಂದ್ರತಿದ್ದ, ಹಿಂದ ಬೆಕ್ಕು ಹಾಲು ಕುಡದು ಹೋಗ್ತಿತ್ತು. "ನಾ ಕಣ್ಣ ಮುಚ್ಚಿದ ಮ್ಯಾಲ ಇವನ ಗತಿ ಏನವಾ!" ಅಂತ ನೀಲವ್ವ ಹಣಿ ಹಣಿ ಬಡಕೋತಿದ್ಲು.

ಗದಗಿನ್ಯಾಗ ನೀಲವ್ವನ ತಮ್ಮ ಶಂಕ್ರೆಪ್ಪ. ಅವನ ಮಗಳು ಸುನಂದಾ. ಸಣ್ಣವರಿದ್ದಾಗಿಂದ ಅಡಿವೆಪ್ಪಗ ಸುನಂದಾ ಅಂತ ಮಾತಾಗಿತ್ತು. ಈಗ ಶಂಕ್ರೆಪ್ಪ ಎಳದಾಡಾಕ ಹತ್ತಿದ. "ಅಕ್ಕಾ, ಸಿಟ್ಟಿಗೇಳಬ್ಯಾಡ. ದುಡಿಯೋ ಗಂಡಿಗೆ ಮಗಳನ್ನ ಕೊಡಾಂವ ನಾ. ದೀಪಾವಳಿತನಕ ನಿನ್ನ ಮಗ ಏನರ ಒಂದ ಧಂದೆ ನಡಸಿ ತೋರಸ್ಲಿ. ಇಲ್ಲಂದ್ರ ಬ್ಯಾರೆ ಕಡೆ ನೋಡ್ತೀನಿ" ಅಂದ. ನೀಲವ್ವಗ ಅನ್ನ ಇಳೀಲಿಲ್ಲ.

ಸುನಂದಾ ಚಾಲಾಕ್ ಹುಡುಗಿ. ಫೋನ್ ಮಾಡಿ, "ಅತ್ತಿ, ನಿಮ್ಮ ರೊಟ್ಟಿ ಆನ್‌ಲೈನ್ ಮಾರೋಣು. 'ನೀಲವ್ವನ ರೊಟ್ಟಿ' ಅಂತ ಪೇಜ್ ನಾ ಮಾಡಿ ಕೊಡ್ತೀನಿ. ಆರ್ಡರ್ ಬಂದಂಗ ಅವ ಕಳಸಿದ್ರ ಸಾಕು" ಅಂದ್ಲು.

"ನನಗೇನ ಕಷ್ಟ?" ಅಂದ ಅಡಿವೆಪ್ಪ ಎದಿ ಉಬ್ಬಿಸಿ. "ಕಂಪ್ಯೂಟರ್ ಅಂದ್ರ ಟೀವಿಗೆ ಗುಂಡಿ ಹಚ್ಚಿದ್ದು. ಅಷ್ಟ ಅಲ್ಲ?"

ಬಂತು ಮೊದಲನೇ ಆರ್ಡರ್. ಹುಬ್ಬಳ್ಳಿ ಮಾಸ್ತರ ಒಬ್ಬಾಂವ ರೊಟ್ಟಿ ಬೇಕಂದ. ನೀಲವ್ವ, "ಚೀಲದಾಗ ಹಾಕಿ ಬಸ್ಸಿಗೆ ಇಟ್ಟ ಬಾ" ಅಂದ್ಲು. ಇವ ಹಾಕಿದ, ಇಟ್ಟ, ಬಂದ. ಅದರ ಮ್ಯಾಲ ಯಾರೋ ಉಳ್ಳಾಗಡ್ಡಿ ಚೀಲ ಒಗದ್ರು. ಮಾಸ್ತರಗ ಮುಟ್ಟಿದ್ದು ರೊಟ್ಟಿ ಅಲ್ಲ, ಹಿಟ್ಟು!

"ಲೇ ಖೋಡಿ! ಡಬ್ಬಿಯಾಗ ಹಾಕಿ, ಸುತ್ತಲೂ ಹಳೇ ಸೀರಿ ಅರಬಿ ತುರಕಿ, ಗಾಳಿ ಆಡದಂಗ ಬಿಗಿಬೇಕಿಲ್ಲೋ!"

"ಆತ ಯವ್ವಾ, ಇನ್ನೊಮ್ಮೆ ಹಂಗ ಮಾಡ್ತೀನಿ."

ಮುಂದಿನ ಆರ್ಡರ್ ಬಂದದ್ದು ಹೋಳಿಗಿಗೆ. ಹಂಚಿನ ಮ್ಯಾಲಿಂದ ಇಳಿಸಿದ ಹೊಗಿ ಆಡೋ ಹೋಳಿಗಿ. ಅಡಿವೆಪ್ಪ ಡಬ್ಬಿಯಾಗ ಹಾಕಿದ, ಸುತ್ತಲೂ ಅರಬಿ ತುರಕಿದ, ಇರುವಿ ಹೊಗದಂಗ ಬಿಗದ. ಬೆಳಗಾವ್ಯಾಗ ಡಬ್ಬಿ ತಗದ್ರ ಹೋಳಿಗಿ ಮ್ಯಾಲ ಹಸರು ಬೂಸ್ಟು, ಬೆರಳುದ್ದ! ಫೋಟೋ ಕಳಿಸಿ ಬೈದ್ರು ನೋಡ್ರಿ, ಕೇಳಬಾರದು.

"ಅಯ್ಯ ನಿನ್ನ! ಹಸರು ಕಂಡ್ರ ಬೂಸ್ಟು ಬಂತಂತ ತಿಳಕೊ. ಹಂಗೇನರ ಕಂಡ್ರ ಮಾಳಗಿ ಮ್ಯಾಲ ಬಿಸಲಿಗೆ ಹರವು!"

"ಆತ ಯವ್ವಾ, ಇನ್ನೊಮ್ಮೆ ಹಂಗ ಮಾಡ್ತೀನಿ."

ಫೋನಿನ್ಯಾಗ ಲೆಕ್ಕ ಇಡೋದು ತ್ರಾಸ ಆಕ್ಕೈತಿ ಅಂತ ಸುನಂದಾ, ಅಪ್ಪನ ಗೊಬ್ಬರದ ಅಂಗಡಿಯಾಗ ಬಿದ್ದಿದ್ದ ಹಳೇ ಕಂಪ್ಯೂಟರ್ ಕಳಸಿಕೊಟ್ಲು. ಅಡಿವೆಪ್ಪ ಚಾಲೂ ಮಾಡಿದ. ಪರದಿ ತುಂಬ ಹಸರು ಗುಡ್ಡ, ಹಸರು ಹುಲ್ಲು. ನೋಡಿದ, ಬೆವತ. "ಯವ್ವಾ! ಇದಕ್ಕೂ ಬೂಸ್ಟು ಬಂದೈತಿ!"

ನೀಲವ್ವ ಹೊಲಕ್ಕ ಹೋಗಿದ್ಲು. ಯಾರು ತಡೀಬೇಕು? ಕಂಪ್ಯೂಟರ್ ಹೊತಗೊಂಡ ಮಾಳಗಿ ಏರಿದ. ಮೆಣಸಿನಕಾಯಿ ಪಕ್ಕದಾಗ ಚಾಪಿ ಹಾಸಿದ. ಟೀವಿ ಒಂದ ಕಡೆ, ಡಬ್ಬಿ ಒಂದ ಕಡೆ, ಗುಂಡಿ ಎಲ್ಲಾ ಒಂದೊಂದ ಕಿತ್ತು ಶೇಂಗಾ ಹರವಿದಂಗ ಹರವಿದ. ಕಾಗಿ ಬರದಂಗ ಕೋಲು ಹಿಡದು ಕಾಯಾಕೂ ಕುಂತ. ಕೆಲಸ ಅಂದ್ರ ಕೆಲಸ, ಅದಕ್ಕ ಏನೂ ಅನ್ನಂಗಿಲ್ಲ ನಾವು.

ಸುದ್ದಿ ತಿಳದು ಸುನಂದಾ ಫೋನಿನ್ಯಾಗ ನಕ್ಕೊಂತನ ಬೈದ್ಲು. "ಅದು ಬೂಸ್ಟು ಅಲ್ಲೋ ಮಾರಾಯಾ, ಚಿತ್ರ! ಗುಂಡಿ ಎಲ್ಲಾ ಆರಿಸಿ ವಾಪಸ್ ಕೂಡಸು. ಇನ್ನ ಮ್ಯಾಲ ಅದು ಹೇಳಿದ ಮಾತು ಕೇಳದಿದ್ರ ಬಂದ್ ಮಾಡು, ಸ್ವಲ್ಪ ಹೊತ್ತು ಬಿಡು, ಮತ್ತ ಹಚ್ಚು. ಎಲ್ಲಾ ರೋಗಕ್ಕೂ ಅದ ಔಷಧ."

"ಆತು, ಇನ್ನೊಮ್ಮೆ ಹಂಗ ಮಾಡ್ತೀನಿ."

ಮರುದಿನ ಫೋನ್ ಬಡಕೊಂತು. ಮೈಸೂರಿನ ಒಬ್ಬಾಕಿ. "ಏನ್ರೀ, ರೊಟ್ಟಿ ಇನ್ನೂ ಬಂದೇ ಇಲ್ವಲ್ಲ! ದುಡ್ಡು ಹಾಕಿ ಎಷ್ಟು ದಿನ ಆಯ್ತು?"

"ಬರತಾವ್ರಿ, ತಡೀರಿ."

"ಏನ್ ತಡಿಯೋದು? ನಾನು ತಡಿಯಲ್ಲ!"

ಹೇಳಿದ ಮಾತು ಕೇಳವಲ್ಲಳು! ಅಡಿವೆಪ್ಪ ಬಂದ್ ಮಾಡಿದ. ಸ್ವಲ್ಪ ಹೊತ್ತು ಬಿಟ್ಟ. ಮತ್ತ ಹಚ್ಚಿದ. "ಈಗ ಆರಾಮ ಆತೇನ್ರಿ?"

"ಫೋನ್ ಕಟ್ ಮಾಡ್ತೀಯಾ? ಎಷ್ಟು ಸೊಕ್ಕು ನಿಂಗೆ!"

ಬಂದ್. ಸ್ವಲ್ಪ ಹೊತ್ತು. ಮತ್ತ ಚಾಲೂ. "ಈಗರೀ?"

ಸಂಜಿತನಕ ಇದ ನಡೀತು. ಕಡೀಕ ಆಕಿ ಪೇಜಿನ ಮ್ಯಾಲ ಒಂದ ಚುಕ್ಕಿ ಕೊಟ್ಟು, "ಇವನಿಗೆ ತಲೆ ಕೆಟ್ಟಿದೆ" ಅಂತ ಬರದ್ಲು. ಅಡಿವೆಪ್ಪ ಕುಣಕೋತ ಬಂದ. "ಯವ್ವಾ, ಗಿರಾಕಿ ನಮಗ ನಕ್ಷತ್ರ ಕೊಟ್ಟಾಳ!"

ನೀಲವ್ವ ಲಟ್ಟಣಿಗಿ ಎತ್ತಿದಾಕಿ ಹಂಗ ಕೆಳಗಿಟ್ಲು. ಅತ್ಲು. "ದೀಪಾವಳಿ ಬಂತಲ್ಲೋ ಬಾಗಲಿಗೆ! ಗಿರಾಕಿ ಅಂದ್ರ ದೇವರು. ದೇವರಿಗೆ ಎದುರಾಡ್ತಾರೇನು? ಯಾರ ಸಿಟ್ಟಿಗೆದ್ದು ಏನ ಕೇಳಿದ್ರೂ ಕೈ ಮುಗಿ, ನಕ್ಕೋತ 'ಆಗಲ್ರಿ, ಹಂಗ ಮಾಡ್ರಿ' ಅನ್ನು!"

"ಆತ ಯವ್ವಾ, ಇನ್ನೊಮ್ಮೆ ಹಂಗ ಮಾಡ್ತೀನಿ."

ಆ ಒಂದ ಚುಕ್ಕಿ ಶಂಕ್ರೆಪ್ಪನ ಕಣ್ಣಿಗೂ ಬಿತ್ತು. ಬಸ್ ಹತ್ತಿ ಬಂದ. ಕಾಲಾಗ ಹೊಸಾ ಚಪ್ಪಲಿ, ಮಾರಿ ಮ್ಯಾಲ ಸಿಟ್ಟು. ಅಂಗಳದಾಗ ನಿಂತ ಗುಡಗಿದ. "ಏನಲೇ ಅಡಿವ್ಯಾ! ಇದ ಏನ ನಿನ್ನ ಧಂದೆ? ಹಿಂಗಾದ್ರ ನನ್ನ ಮಗಳನ್ನ ಬ್ಯಾರೆಯವರಿಗೆ ಕೊಟ್ಟುಬಿಡ್ಲೇನು?"

ಅಡಿವೆಪ್ಪ ಕೈ ಮುಗದ. ನಕ್ಕ. "ಆಗಲ್ರಿ ಮಾವಾ, ಹಂಗ ಮಾಡ್ರಿ."

ಶಿವಶಿವಾ! ಶಂಕ್ರೆಪ್ಪ ಹಿಂದ ತಿರುಗಿ ನೋಡಲಿಲ್ಲ, ಬಸ್ ಸ್ಟ್ಯಾಂಡ್ ಹಾದಿ ಹಿಡದ. ನೀಲವ್ವ ಎದಿ ಎದಿ ಬಡಕೊಂಡ್ಲು. "ಮನಿ ತೊಳದೆಲ್ಲೋ ಮಗನ! ಓಡು! ಅವನ ಕಾಲ ಹಿಡಿ! ಹೂಂ ಅನ್ನೋತನಕ ಬಿಡಬ್ಯಾಡ!"

ಓಡಿದ ನೋಡ್ರಿ ಅಡಿವೆಪ್ಪ, ಹೋರಿ ಓಡಿದಂಗ. ಶಂಕ್ರೆಪ್ಪ ಬಸ್ಸಿನ ಮೆಟ್ಟಲ ಮ್ಯಾಲ ಒಂದ ಕಾಲ ಇಟ್ಟಿದ್ದ. ಇವ ಇನ್ನೊಂದ ಕಾಲು ಗಬಕ್ಕನ ಹಿಡದ. ಬಸ್ ಹೊಂಟಿತು. ಶಂಕ್ರೆಪ್ಪ ಕಾಲು ಜಾಡಿಸಿದ, ಒಳಗ ಬಿದ್ದ, ಬಸ್ಸಿನ ಜೋಡಿ ಹೋದ. ಅಡಿವೆಪ್ಪನ ಕೈಯಾಗ ಉಳದದ್ದು ಒಂದ ಚಪ್ಪಲಿ.

ಬಿಟ್ಟಾನೇನು? ಅಲ್ಲೇ ಕಟ್ಟಿ ಮ್ಯಾಲ ಕುಂತ. ಎರಡೂ ಕೈಲೆ ಆ ಒಂದ ಚಪ್ಪಲಿ ಹಿಡಕೊಂಡು, "ಹೂಂ ಅನ್ನು, ಹೂಂ ಅನ್ನು" ಅನ್ನಾಕ ಹತ್ತಿದ. ಚಾದ ಅಂಗಡಿಯವ ಬಂದು ನೋಡಿದ, ಹೂವಿನಾಕಿ ಬಂದು ನೋಡಿದ್ಲು, ಮಂದಿ ಕೂಡ್ತು.

ಹೊಸಾ ಚಪ್ಪಲಿ, ಬಿಡಾಕ ಮನಸ್ಸು ಬರತೈತೇನು? ಮುಂದಿನ ಸ್ಟಾಪಿನ್ಯಾಗ ಇಳದು ಶಂಕ್ರೆಪ್ಪ ಕುಂಟಕೋತ ವಾಪಸ್ ಬಂದ. "ಕೊಡಲೇ ಚಪ್ಪಲಿ!"

"ಹೂಂ ಅನ್ರಿ ಮಾವಾ."

"ಕೊಡ್ತಿಯೋ ಇಲ್ಲೋ?"

"ಹೂಂ ಅನ್ರಿ."

"ಹೂಂ ಮಾರಾಯಾ, ಹೂಂ, ಹೂಂ! ಕೊಡು!"

"ಹೂಂ ಅಂದ್ರು! ನಾವೆಲ್ಲಾ ಕೇಳೇವಿ!" ಅಂತ ಬಸ್ ಸ್ಟ್ಯಾಂಡ್ ಮಂದಿ ಚಪ್ಪಾಳಿ ಹೊಡದ್ರು.

ಮನಿಗೆ ಹೋಗಿ ಶಂಕ್ರೆಪ್ಪ ತಲಿ ಮ್ಯಾಲ ಕೈ ಹೊತ್ತ. "ಮಂದಿ ಮುಂದ ಹೂಂ ಅಂದುಬಿಟ್ಟೆ. ಹೆಂಗರ ಮಾಡಿ ಈ ಸಂಬಂಧ ಬಿಡಿಸ್ತೀನಿ ಮಗಳಾ."

ಸುನಂದಾ ಕೇಳಿದ್ಲು: "ಯಪ್ಪಾ, ಹೇಳಿದ ಮಾತು ಕೇಳೋ ಗಂಡಸು ಈ ಜಿಲ್ಲಾದಾಗ ಇನ್ನೊಬ್ಬ ಎಲ್ಲಿ ಅದಾನ? ತೋರಸು. ತಪ್ಪು ಅವಂದಲ್ಲ. ಎಲ್ಲಾರೂ ಅರ್ಧ ಹೇಳ್ತೀರಿ, ಅವ ಪೂರಾ ಮಾಡ್ತಾನ."

ಶಂಕ್ರೆಪ್ಪ ಹೆಂಡ್ತಿ ಮಾರಿ ನೋಡಿದ. ಆಕಿ, "ಹುಡುಗಿ ಹೇಳೂದು ಖರೆ ಐತಿ ಬಿಡ್ರಿ" ಅಂದ್ಲು.

ಅವತ್ತಿಂದ ಸುನಂದಾ ಫೋನಿನ್ಯಾಗ ಪೂರಾ ಹೇಳಾಕ ಹತ್ತಿದ್ಲು. ರೊಟ್ಟಿ ಆರಲಿ. ಆರಿದ ಮ್ಯಾಲ ಡಬ್ಬಿ. ಡಬ್ಬಿ ಮ್ಯಾಲ ವಿಳಾಸ. ಇದ ಒತ್ತು, ಅದ ಮುಟ್ಟಬ್ಯಾಡ. ಬಸ್ಸಿನ್ಯಾಗ ಮ್ಯಾಲಿನ ಹಲಗಿ ಮ್ಯಾಲ ಇಡು, ಚೀಟಿ ತಗೊ, ಮನಿಗೆ ಬಾ. ಅಡಿವೆಪ್ಪ ಅಕ್ಷರ ತಪ್ಪಲಿಲ್ಲ. ಕಲ್ಬುರ್ಗಿ ರೊಟ್ಟಿ ಕಲ್ಬುರ್ಗಿಗೆ, ಬೆಂಗಳೂರ ರೊಟ್ಟಿ ಬೆಂಗಳೂರಿಗೆ. ಮೈಸೂರಿನಾಕಿನೂ ಮತ್ತ ತರಿಸಿಕೊಂಡು, "ಒಂದೂ ಮುರಿದಿಲ್ಲ" ಅಂತ ಬರದ್ಲು. ದೀಪಾವಳಿಗೆ ನೀಲವ್ವನ ಒಲಿ ಆರಲಾರದಷ್ಟು ಆರ್ಡರ್. ಶಂಕ್ರೆಪ್ಪ ತಾನ ಬಂದು ಲಗ್ನದ ದಿನ ತಗಸಿದ.

ನೀಲವ್ವ ಸೆರಗಿಲೆ ಕಣ್ಣ ಒರಸಿಕೊಂಡ್ಲು. ಮಗನ ತಲಿ ಸವರಿ ಹೇಳಿದ್ಲು: "ಇನ್ನ ಮ್ಯಾಲ ನನ್ನ ಮಾತೂ ಬ್ಯಾಡ, ನಿಮ್ಮ ಮಾವನ ಮಾತೂ ಬ್ಯಾಡ, ಮಂದಿ ಮಾತಂತೂ ಬ್ಯಾಡ ಮಗನ. ಸುನಂದಾ ಹೇಳಿದ್ರ ಅಷ್ಟ ಮಾಡು."

"ಆತ ಯವ್ವಾ, ಹಂಗ ಮಾಡ್ತೀನಿ."

ಬಂತಪಾ ಲಗ್ನ. ಹಂದರ ತುಂಬ ಮಂದಿ, ಬಾಜಾ ಬಜಂತ್ರಿ. ಸ್ವಾಮಿಗೋಳು ತಾಳಿ ಕೊಟ್ಟು, "ಕಟ್ಟಪಾ ತಮ್ಮಾ" ಅಂದ್ರು. ಅಡಿವೆಪ್ಪ ಸುಮ್ಮನ ನಿಂತ.

"ಕಟ್ಟಲೇ!" ಅಂದ ಶಂಕ್ರೆಪ್ಪ. ಇಲ್ಲ.

"ಕಟ್ಟೋ ನನ್ನಪ್ಪಾ, ಮುಹೂರ್ತ ಮೀರತೈತಿ!" ಅಂತ ನೀಲವ್ವ ಬಾಯಿ ಬಾಯಿ ಬಡಕೊಂಡ್ಲು. ಇಲ್ಲ. ತಾಳಿ ಹಿಡಕೊಂಡ ಸುನಂದಾನ ಮಾರಿ ನೋಡಕೋತ ನಿಂತಾನ. ಮದಿಮಗಳು ತಲಿ ಎತ್ತಂಗಿಲ್ಲ, ತುಟಿ ಪಿಟಕ್ ಅನ್ನಂಗಿಲ್ಲ. ಹಿಂದಿನಿಂದ ನಡದು ಬಂದ ಪದ್ಧತಿ! ಸ್ವಾಮಿಗೋಳು ಗಡಿಯಾರ ನೋಡ್ತಾರ, ಮಂದಿ ಅಕ್ಕಿಕಾಳು ಮುಷ್ಟಿಯಾಗ ಹಿಡದು ಬೆವರ್ತಾರ.

ಕಡೀಕ ಸುನಂದಾ ಬಾಸಿಂಗ ಸರಿಸಿದ್ಲು, ತಲಿ ಎತ್ತಿದ್ಲು, ಹಂದರ ನಡಗೋ ಹಂಗ ಒದರಿದ್ಲು:

"ಕಟ್ಟೋ ಮಾರಾಯಾ, ಕಟ್ಟು! ಮೂರು ಗಂಟು! ಗಟ್ಟಿ!"

ಕಟ್ಟಿದ! ಮೂರೂ ಗಟ್ಟಿ. ಅಕ್ಕಿಕಾಳು ಬಿತ್ತು, ಬಾಜಾ ಬಾರಿಸಿದ್ರು, ಮಂದಿ ಎಲ್ಲಾ ಊಟಕ್ಕ ಎದ್ರು. ಬುಂದಿ ಬಡಸಿದ್ರು, ಅನ್ನ ಸಾರು ಆತು, ಎಲಿ ಎತ್ತಿದ್ರು, ಕೈ ತೊಳದು ನಾನೂ ಹಂದರದಾಗ ಇಣಿಕಿ ನೋಡ್ತೀನಿ: ಸುನಂದಾ ನಕ್ಕು ನಕ್ಕು ಕಣ್ಣಾಗ ನೀರ ತಗೊಂಡಾಳ, ಅಡಿವೆಪ್ಪ ಆಕಿ ಕೊರಳ ಹಿಂದ ತಾಳಿ ದಾರ ಎರಡೂ ಕೈಲೆ ಹಿಡಕೊಂಡು ಹಂಗ ನಿಂತಾನ. ಬಿಡು ಅಂತ ಆಕಿ ಹೇಳಿರಲಿಲ್ಲಲ್ಲ!