ಬಿಸಿ ಮುದ್ದೆ ಕಾಣದ ಮನೆ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರಲಿಲ್ಲ ಅನ್ನು, ಆ ಕಾಲದಲ್ಲಿ ಒಂದೂರಲ್ಲಿ ನಿಂಗಾಜಮ್ಮ ಅಂತ ಒಬ್ಬಳು ಅತ್ತೆ ಇದ್ದಳಂತೆ. ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಕಣಜದ ತುಂಬ ರಾಗಿ, ಕೊಟ್ಟಿಗೆ ತುಂಬ ದನ. ಆದ್ರೆ ಅವಳ ಕೈಹಿಡಿತ ಎಂಥದ್ದು ಅಂತೀಯ! ಎಣ್ಣೆ ಬಗ್ಗಿಸಿದ ಮೇಲೆ ಗಿಂಡಿ ಬಾಯಿ ಒರೆಸಿ ತಲೆಗೆ ಸವರಿಕೊಳ್ಳೋಳಂತೆ. ಅದೇನು ತಪ್ಪಲ್ಲ ಬಿಡು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇವಳು ಹಾಸಿಗೆ ಉದ್ದ ಇದ್ರೂ ಮುದುರಿಕೊಂಡು ಮಲಗೋಳು.

ಆ ಮನೇಲಿ ಒಂದು ಕಟ್ಟಳೆ ಇತ್ತಂತೆ. ಹಳೇದು ಮುಗೀದೆ ಹೊಸದು ಮುಟ್ಟಬಾರದು. ಹಿಟ್ಟು ಅಳೆದು ಕೊಡೋಳು ಅತ್ತೇನೇ. ಸೊಸೆಯರು ದಿನಾ ಬಿಸಿಬಿಸಿ ಮುದ್ದೆ ಕಟ್ಟಿ ಬಿದಿರಿನ ಮಂಕರಿಗೆ ಹಾಕಿಡೋರು, ಆಮೇಲೆ ಎಲ್ಲರೂ ಸಾಲಾಗಿ ಕೂತು ನಿನ್ನೆ ಮುದ್ದೆ ಉಣ್ಣೋರು. ಇವತ್ತಿನದು ನಾಳೆಗೆ, ನಾಳೆದು ನಾಡಿದ್ದಿಗೆ. ಅಷ್ಟು ರಾಗಿ ಇರೋ ಮನೇಲಿ ಒಬ್ಬರೂ ಬಿಸಿ ಮುದ್ದೆ ಕಂಡೋರಿಲ್ಲ! ಯಾಕೆ ಹಂಗೆ ಅಂತ ನೀನು ಕೇಳ್ತೀಯ ಪುಟ್ಟಿ, ಅವರು ಯಾರೂ ಕೇಳಲೇ ಇಲ್ಲ. ಒಂದು ಮುದ್ದೆ ಹಾಳು ಮಾಡಿದ್ರೂ, ಕಟ್ಟಳೆ ಮುರಿದ್ರೂ, ಗಂಟು ಕಟ್ಟು, ತವರಿಗೆ ನಡಿ ಅಂತಿದ್ದಳಂತೆ ಅತ್ತೆ.

ಒಂದು ದಿನ ಹಿರೀಸೊಸೆ ಆಸೆ ತಡೀಲಾರದೆ ತನ್ನ ಪಾಲಿನ ತಂಗಳು ಮುದ್ದೇನ ಎಮ್ಮೆ ಕಲಗಚ್ಚಿಗೆ ಎಸೆದು, ಹಳೇದು ಮುಗೀತು ಅತ್ತೆ, ಬಿಸಿಯದು ಹಾಕ್ಕೊಳ್ಳಲಾ ಅಂದಳಂತೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿಬಿಡ್ತು. ಅತ್ತೆ ಕಲಗಚ್ಚಿಗೆ ಕೈ ಹಾಕಿದ್ರೆ ಮುದ್ದೆ ತಳದಲ್ಲಿ ಗುಂಡುಕಲ್ಲಿನ ಹಾಗೆ ಕೂತಿದೆ! ಹಿರೀಸೊಸೆ ಹೊರಟಳು ತವರಿಗೆ.

ಆಮೇಲೆ ನಡುವಿನ ಸೊಸೆ. ಅವಳು ಬಾಗಿಲ ಸಂದೀಲಿ ನಿಂತು ಬಿಸಿ ಮುದ್ದೆ ಮುರಿದು ಬಾಯಿಗಿಟ್ಟಳಂತೆ, ಅಷ್ಟರಲ್ಲಿ ಅತ್ತೆ ಕೆಮ್ಮಿದ ಸದ್ದು. ಬಿಸಿತುಪ್ಪ ನುಂಗೋ ಹಾಗೂ ಇಲ್ಲ, ಉಗುಳೋ ಹಾಗೂ ಇಲ್ಲ ಅಂತಾರಲ್ಲ, ಹಂಗಾಯ್ತು. ಗುಳುಕ್ ಅಂತ ನುಂಗಿದಳು, ಅಯ್ಯಯ್ಯಪ್ಪೋ ಅಂತ ಕಿರುಚಿದ್ದು ಊರಿಗೆಲ್ಲ ಕೇಳಿಸ್ತಂತೆ. ಅವಳೂ ಹೊರಟಳು.

ಉಳಿದೋಳು ಕಿರೀಸೊಸೆ ದ್ಯಾವಮ್ಮ. ಪಾಪ, ತವರಲ್ಲಿ ಅಪ್ಪ ಅವ್ವ ಇಬ್ಬರೂ ಇಲ್ಲದೋಳು, ಕಳಿಸಿದ್ರೆ ಎಲ್ಲಿಗೆ ಹೋಗ್ತಾಳೆ? ಅದರ ಮೇಲೆ ಬಸುರಿ. ಬಸುರಿ ಬಯಕೆ ಅಂದ್ರೆ ಒಬ್ಬರಿಗೆ ಹುಣಸೆಕಾಯಿ, ಒಬ್ಬರಿಗೆ ಮಾವಿನಕಾಯಿ. ಇವಳಿಗೆ ಬಿಸಿ ಮುದ್ದೆ! ತಾನೇ ದಿನಾ ಕೈಯಾರೆ ಕಟ್ಟಿ, ಆ ಹಬೆ ಮೂಗಿಗೆ ಬಡಿದು, ಕಣ್ಣೊರೆಸಿಕೊಂಡು ಮಂಕರಿಗೆ ಹಾಕೋಳಂತೆ. ಗಂಡನೋ, ಅವ್ವನ ಮುಂದೆ ಬಾಯಿ ಬಿಡೋನಲ್ಲ.

ಕೊನೆಗೆ ದ್ಯಾವಮ್ಮ ಹೆದರಿ ಹೆದರಿ ಕೇಳಿದಳಂತೆ, ಅತ್ತೆ, ಒಂದೇ ಒಂದು ದಿನ ಮುದ್ದೆ ಮಾಡದೆ ಹಳೇದನ್ನ ಮುಗಿಸಿಬಿಡೋಣ, ಆಮೇಲಿಂದ ಅವತ್ತಿಂದು ಅವತ್ತೇ ಉಣ್ಣಬಹುದು. ನಿಂಗಾಜಮ್ಮ ಹಣೆ ಹಣೆ ಬಡಕೊಂಡಳು. ಒಲೆ ಹಚ್ಚದೇ ಇರೋದು ಸಾವಾದ ಮನೇಲಿ ಕಣೇ, ಇಲ್ಲಿ ಯಾರು ಸತ್ತವ್ರೆ?

ದ್ಯಾವಮ್ಮ ರಾತ್ರಿಯೆಲ್ಲ ಅತ್ತಳು. ಅತ್ತು ಅತ್ತು ಒಂದು ಉಪಾಯ ಹೊಳೀತು ನೋಡು. ಬೆಳಗಾಗುತ್ಲೇ ಎದ್ದು ಒಲೆ ಹಚ್ಚಿ, ಹುರಳಿಕಾಳು ಹುರಿಯೋಕೆ ಕೂತಳಂತೆ. ಆಮೇಲೆ ಕೊತ್ತಂಬರಿ ಬೀಜ, ಆಮೇಲೆ ಮೆಣಸಿನಕಾಯಿ. ಅತ್ತೆ ಬಂದು ನೋಡಿದ್ರೆ ಒಲೆ ಧಗಧಗ ಉರೀತಿದೆ, ಸೌದೆ ವ್ಯರ್ಥ ಆಗ್ತಿಲ್ಲ, ವರ್ಷದ ಖಾರದಪುಡಿ ಆಗ್ತಿದೆ. ಭೇಷ್ ಅಂದುಕೊಂಡು ಹಿಟ್ಟು ಅಳೆದು ಕೊಟ್ಟು ಹೋದಳು. ದ್ಯಾವಮ್ಮ ಆ ಹಿಟ್ಟು ಮುಟ್ಟದೆ ಎತ್ತಿಟ್ಟು, ಹಳೇ ಮುದ್ದೆ ಮಾತ್ರ ಬಡಿಸಿದಳಂತೆ. ಸಂಜೆ ಊಟ ಮುಗಿದಾಗ ನೋಡ್ತಾಳೆ, ಮಂಕರಿ ಖಾಲಿ! ನಾಳೆಗೆ ಒಂದು ಮುದ್ದೆ ಇಲ್ಲ! ಕಟ್ಟಳೆ ಮುರಿದೆಯಲ್ಲೇ ಮನೆಹಾಳಿ, ಬೆಳಗ್ಗೆ ಗಂಟು ಕಟ್ಟು ಅಂತ ಕೂಗಾಡಿದಳಂತೆ.

ದ್ಯಾವಮ್ಮ ಆ ಖಾಲಿ ಮಂಕರಿ ಅತ್ತೆ ಮುಂದಿಟ್ಟಳು. ಇಟ್ಟು ಅಂದಳು, ನಾನು ಒಂದು ತುತ್ತೂ ಬಿಸಾಡಿಲ್ಲ ಅತ್ತೆ, ಹೋಗು ಅಂದ್ರೆ ಹೋಗ್ತೀನಿ, ನಿಮ್ಮನ್ನ ಉಪವಾಸ ಮಾತ್ರ ಕೆಡವಲ್ಲ.

ಬೆಳಗ್ಗೆ ಎತ್ತಿಟ್ಟ ಹಿಟ್ಟಲ್ಲೇ ಮುದ್ದೆ ತಿರುವಿ, ಸೊಪ್ಪಿನ ಸಾರು ಮಾಡಿ, ಮೊದಲ ಮುದ್ದೆ ಅತ್ತೆ ತಟ್ಟೆಗಿಟ್ಟಳು. ನಿಂಗಾಜಮ್ಮ ಬೇಡ ಅನ್ನೋಕೆ ಬಾಯಿ ತೆಗೆದಳು, ಆದ್ರೆ ಹಳೇದು ಎಲ್ಲಿದೆ ಬೇಡ ಅನ್ನೋಕೆ? ಮುರಿದು, ಸಾರಲ್ಲಿ ಅದ್ದಿ ನುಂಗಿದಳು. ಎರಡನೇ ತುತ್ತು ನುಂಗಿದಳು. ಮೂರನೇ ತುತ್ತಿಗೆ ಕಣ್ಣಲ್ಲಿ ದಳದಳ ನೀರು. ಏನಾಯ್ತು ಅತ್ತೆ, ಬಿಸಿ ಜಾಸ್ತಿಯಾಯ್ತಾ ಅಂತ ದ್ಯಾವಮ್ಮ ಓಡಿ ಬಂದಳು.

ಇಲ್ಲ ಕಣೇ ದ್ಯಾವಿ, ದೊಡ್ಡೋನು ಹೊಟ್ಟೇಲಿದ್ದಾಗ ನಾನೂ ಇದನ್ನೇ ಬಯಸಿದ್ದೆ, ನಮ್ಮತ್ತೆ ಕೊಡಲಿಲ್ಲ ಅಂದಳಂತೆ ನಿಂಗಾಜಮ್ಮ. ಅಂದೋಳೇ ಅರ್ಧ ತಟ್ಟೆ ಬಿಟ್ಟು ಎದ್ದು, ಕೈ ತೊಳೆದು, ಸೆರಗು ಸಿಕ್ಕಿಸಿ ತಾನೇ ಒಂದು ಮುದ್ದೆ ಕಟ್ಟಿ, ನಡುವೆ ಗುಳಿ ಮಾಡಿ ತುಪ್ಪ ಹುಯ್ದು, ಕೂತ್ಕೊಳ್ಳೇ ತಾಯಿ, ಆರಿಹೋಗೋಕೆ ಮುಂಚೆ ಉಣ್ಣು ಅಂತ ಸೊಸೆ ಮುಂದೆ ಇಟ್ಟಳಂತೆ.

ಆಮೇಲೆ ಇಬ್ಬರು ಸೊಸೆಯರಿಗೂ ಗಾಡಿ ಹೋಯ್ತು, ಸಂಜೆಗೆ ಮನೆ ತುಂಬಿತು. ಅವತ್ತಿಂದ ಬೇಕಾದಷ್ಟೇ ಹಿಟ್ಟು ಅಳೆಯೋರಂತೆ, ಮಿಕ್ಕಿದ್ರೆ ಬೆಳಗ್ಗೆ ಮಜ್ಜಿಗೇಲಿ ಕಿವುಚಿ ಕುಡಿದು, ಮಧ್ಯಾಹ್ನ ಅಷ್ಟು ಕಮ್ಮಿ ಮಾಡೋರಂತೆ. ಕಣಜದ ರಾಗಿ ಒಂದು ಹಿಡೀನೂ ಹೆಚ್ಚು ಖರ್ಚಾಗಲಿಲ್ಲ. ಅವರೆಲ್ಲ ಉಂಡು ಮಲಗಿದ್ರು, ನಮ್ಮ ಕತೇನೂ ಮುಗೀತು. ಕಣ್ಣು ಮುಚ್ಚು ಪುಟ್ಟಿ.