ಮೂರು ತುಂಬುವ ಮೊದಲು

ಕೇಳಿರವ್ವ, ಇದು ನನ್ನಜ್ಜಿಗೆ ಅವಳಜ್ಜಿ ಹೇಳಿದ ಮಾತು. ಬಹಳ ಹಿಂದೆ, ಮನೆಮನೆಯಲ್ಲೂ ಬೆಲ್ಲ ಕಾಯಿಸುವ ಒಂದೂರಿತ್ತು. ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಅಡ್ಡಬಿದ್ದ ಕೂಸನ್ನು ಹೊಟ್ಟೆಯ ಮೇಲಿಂದಲೇ ಸವರಿ ತಿರುಗಿಸುತ್ತಿದ್ದಳಂತೆ. ಸಾವಿರ ಕೂಸು ಹಿಡಿದಳು ಅನ್ನುತ್ತಾರೆ. ನೂರು ಇರಬಹುದು, ಆದರೆ ಸಾವಿರ ಅಂದರೆ ನಮ್ಮ ಗಂಟೇನು ಹೋಗುತ್ತದೆ?

ಅವಳಿಗೊಬ್ಬಳೇ ಮಗಳು, ಚಂಪವ್ವ. ಅದೇ ಊರಿಗೆ ಕೊಟ್ಟಿದ್ದರು. ಚಂಪವ್ವನಿಗೆ ತೀರದ ಬಾಯಾರಿಕೆಯಂತೆ, ಕೊಡ ನೀರು ಕುಡಿದರೂ ನಾಲಿಗೆ ಒಣಗುವುದಂತೆ. ಅವಳು ಹಿತ್ತಲಲ್ಲಿ ಉಚ್ಚೆಗೆ ಕೂತೆದ್ದ ಜಾಗಕ್ಕೆ ಇರುವೆ ಸಾಲುಗಟ್ಟುತ್ತಿದ್ದವಂತೆ. ಬೆಲ್ಲದೂರಿನ ಮಗಳಲ್ಲವೇ ಎಂದು ಓರಗೆಯವರು ನಗುತ್ತಿದ್ದರು. ಫಕೀರವ್ವನೂ ನಕ್ಕಳಂತೆ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮೊದಲ ಕೂಸು ಬೆನ್ನು ಕೂಡದೆ, ಬೆನ್ನೆಲುಬಿನ ಮೇಲೆ ಸೀಳು ಬಿಟ್ಟುಕೊಂಡೇ ಹುಟ್ಟಿತು. ಸಂಜೆಯೊಳಗೆ ಹೋಯಿತು. ಗ್ರಹಣ ಅಂದರು, ದೃಷ್ಟಿ ಅಂದರು. ಫಕೀರವ್ವ ಮಾತ್ರ ಹಿತ್ತಲಿನ ಆ ಇರುವೆಸಾಲನ್ನು ನೆನಪಿಸಿಕೊಂಡಳಂತೆ. ಮಗಳ ಮೈಯಿಂದಲೇ ಸಿಹಿ ಸೋರುತ್ತಿದೆ, ಅದೇ ಕೂಸಿಗೆ ಮುಳುವಾಯಿತು ಅಂದಳಂತೆ. ಎರಡನೇ ಬಸಿರಿನ ಸುದ್ದಿ ತಿಳಿದ ದಿನದಿಂದ ಬೆಲ್ಲ ಬಿಡಿಸಿ, ನವಣೆ, ಹಾಗಲಕಾಯಿ ತಿನ್ನಿಸಿ, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಆ ಕೂಸೂ ಹಾಗೆಯೇ ಹುಟ್ಟಿತು, ಹಾಗೆಯೇ ಹೋಯಿತು.

ಮೂರನೆಯದು ಹೊಟ್ಟೆಯಲ್ಲಿ ನಿಲ್ಲಲೇ ಇಲ್ಲ. ಮೂರು ತಿಂಗಳು ತುಂಬಿದ ದಿನ ಚಂಪವ್ವ ತವರಿಗೆ ಸುದ್ದಿ ಹೇಳಲು ಬಂದವಳು ಬಾಗಿಲಲ್ಲೇ ಕುಸಿದಳಂತೆ. ಇಳಿದುಹೋದ ಪಿಂಡವನ್ನು ಫಕೀರವ್ವ ಅಂಗೈಯಲ್ಲಿ ಹಿಡಿದು ತೊಳೆದಳು. ಬೆರಳುದ್ದವೂ ಇರಲಿಲ್ಲ. ಅದರ ಬೆನ್ನೂ ಕೂಡಿರಲಿಲ್ಲ.

"ನನಗ ಮೊದಲ ಯಾಕ ಹೇಳಲಿಲ್ಲ?" ಎಂದು ಕೇಳಿದಳಂತೆ.

"ಮೂರು ತುಂಬೂತನಕ ಬಾಯಿ ಬಿಡಬ್ಯಾಡ ಅಂತ ನೀನ ಹೇಳಿದ್ದಿ, ಯವ್ವಾ," ಅಂದಳಂತೆ ಚಂಪವ್ವ.

ಅದು ಊರಿನ ಕಟ್ಟಳೆ. ದೃಷ್ಟಿಯಾದೀತೆಂದು ಪ್ರತಿ ಮದುಮಗಳ ಕಿವಿಯಲ್ಲಿ ಅದನ್ನು ಊದುತ್ತಿದ್ದವಳು ಫಕೀರವ್ವನೇ. ಬೆರಳುದ್ದವೂ ಇಲ್ಲದ ಪಿಂಡದಲ್ಲೇ ಹೀಗಾಗಿದೆಯೆಂದರೆ ಕೂಸಿನ ಬೆನ್ನು ಕೂಡುವುದು ಮೊದಲ ತಿಂಗಳಲ್ಲೇ, ತಾಯಿಗೇ ಇನ್ನೂ ಖಾತ್ರಿಯಿಲ್ಲದಾಗ, ಎಂದು ಆಗ ಅವಳಿಗೆ ಹೊಳೆಯಿತಂತೆ. ತನ್ನ ಹಾಗಲಕಾಯಿ, ನವಣೆ ಎಲ್ಲ ರವಿಕೆ ಹೊಲಿದ ಮೇಲೆ ಅಳತೆ ತೆಗೆದ ಹಾಗಾಯಿತು ಎಂದು ಎದೆ ಬಡಿದುಕೊಂಡಳಂತೆ.

ಅಂದಿನಿಂದ ಫಕೀರವ್ವ ಹೆರಿಗೆಗೆ ಹೋಗಲಿಲ್ಲ. ಇನ್ನೂ ಬಸಿರಾಗದ ಸೊಸೆಯಂದಿರ ಮನೆಗೆ ಹೋಗಿ, ಬಾಯಾರಿಕೆ ಇದೆಯೇ, ಇರುವೆ ಬರುತ್ತವೆಯೇ ಎಂದು ಕೇಳುತ್ತಿದ್ದಳಂತೆ. ಮೊದಲು ಮೈ ಸರಿಮಾಡಿಕೊಳ್ಳಿ, ಕೂಸು ಆಮೇಲೆ ಅನ್ನುತ್ತಿದ್ದಳಂತೆ. ಅಪಶಕುನದ ಮುದುಕಿ ಎಂದು ಕದ ಹಾಕಿಕೊಂಡರು. ಚಂಪವ್ವನಿಗೆ ಮತ್ತೆ ಬಸಿರು ನಿಲ್ಲಲಿಲ್ಲ. ಸವೆದು ಸವೆದು ತಾಯಿಗಿಂತ ಮೊದಲೇ ಹೋದಳು.

ಆ ಊರು ನಮ್ಮದೇ; ಆ ಕೂಸುಗಳನ್ನು ಹೂತ ಜಾಗದಲ್ಲಿ ಒಂದು ಕಲ್ಲಿದೆ. ಕೂಸು ಬೇಕೆಂದುಕೊಂಡ ಹೆಂಗಸರು ಇವತ್ತಿಗೂ, ಬಸಿರಾಗುವ ಮೊದಲೇ, ಅಲ್ಲಿ ನಿಂತು ಗಟ್ಟಿಯಾಗಿ ಹೇಳಿ ಬರುತ್ತಾರೆ: ಫಕೀರವ್ವಾ, ನನಗೊಂದು ಕೂಸು ಬೇಕು. ಅಲ್ಲಿಂದ ಹಾಗೇ ಆಸ್ಪತ್ರೆಗೆ ಹೋಗಿ, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ತೋರಿಸುವವರೂ ಇದ್ದಾರೆ. ಆದರೆ ಎಷ್ಟೋ ಜನ ಎರಡು ಮೂರು ತಿಂಗಳು ತುಂಬಿಸಿಕೊಂಡೇ ಬರುತ್ತಾರೆ. ಅವರಿಗೂ ನಿಲ್ಲಲು ಜಾಗ ಬಿಡುತ್ತೇವೆ. ತಡವಾಯಿತೆಂದು ಯಾರೂ ಹೇಳುವುದಿಲ್ಲ.