ಗಾಳಿ ನುಗ್ಗದ ಕನ್ನಡಕ

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಪೆಟ್ಲಿನ ಹುಚ್ಚು ಹಿಡಿದಿತ್ತು. ಪೆಟ್ಲು ಅಂದರೆ ಬಿದಿರಿನ ಕೊಳವೆ. ಒಳಗೆ ಗಟ್ಟಿ ಕಾಯಿ ಇಟ್ಟು ಹಿಂದಿನಿಂದ ಕಡ್ಡಿ ತಳ್ಳಿದರೆ ಟಪ್ ಅಂತ ಹಾರುತ್ತದೆ. ವಾರಕ್ಕೊಮ್ಮೆ ಎರಡು ತಂಡ ಕಟ್ಟಿಕೊಂಡು ಪೊದೆಗಳ ನಡುವೆ ಯುದ್ಧ. ಕಾಯಿ ತಗುಲಿದವರು ಮರ್ಯಾದೆಯಾಗಿ "ಸತ್ತೆ" ಎಂದು ಕೂಗಿ ಬದಿಗೆ ಕೂರಬೇಕು. ಹುಲಿ ಸುಳಿದರೆ ನಿಜವಾಗಿಯೇ ಸಾಯುವ ಈ ಪ್ರಾಣಿಗಳಿಗೆ ಆಟದ ಸಾವು ಅದ್ಯಾಕೆ ಅಷ್ಟು ಇಷ್ಟವೋ, ದೇವರಿಗೇ ಗೊತ್ತು.

ಒಂದು ತಂಡಕ್ಕೆ ಭೈರಣ್ಣ ಎಂಬ ಬೂದು ಮೈಯ ಮುಸುವ ಕೋತಿ ನಾಯಕ. ಹಿಂದಿನ ಮಳೆಗಾಲದಲ್ಲಿ ಕಾಯಿ ಬಡಿದು ಅವನ ಎಡಗಣ್ಣು ಹೋಗಿತ್ತು. ಅಂದಿನಿಂದ ಕಾಡಿನಲ್ಲಿ ನಿಯಮ ಬಂತು. ಕನ್ನಡಕವಿಲ್ಲದೆ ಆಟವಿಲ್ಲ. ಕಣದಲ್ಲಿ ಅದನ್ನು ತೆಗೆದವರು ಆಟದಿಂದಲೇ ಹೊರಗೆ. ಕಣ್ಣು ಹೋದ ಮೇಲೆ ನಿಯಮ ಮಾಡುವುದರಲ್ಲಿ ಆ ಕಾಡಿನವರು ಬಹಳ ಚುರುಕು.

"ಆಟ ಬಿಡಿ ಅಂದ್ರೆ ನೀವು ಬಿಡಲ್ಲ," ಅಂದಳು ಅವನ ಹೆಂಡತಿ ಚಿಕ್ಕತಾಯಿ. "ಇರೋದು ಒಂದೇ ಕಣ್ಣು. ಅದನ್ನೂ ಕಳ್ಕೊಂಡ್ರೆ ಯಾವ ಕೊಂಬೆ ನೋಡ್ಕೊಂಡು ಹಾರ್ತೀರಿ? ನಡೀರಿ, ಒಳ್ಳೇ ಕನ್ನಡಕ ನೋಡೋಣ."

ಹಳ್ಳದ ದಂಡೆಯ ತಂಪಿನಲ್ಲಿ ನರಿರಾಯನ ಅಂಗಡಿ ಇತ್ತು. ಎದುರು ತಂಡದ ನಾಯಕನೂ ಅವನೇ, ಅದು ಬೇರೆ ಮಾತು. ಪ್ರವಾಸಿಗರು ಬಿಸಾಕಿದ ನೀರಿನ ಬಾಟಲಿ ಕತ್ತರಿಸಿ, ಸುತ್ತಲೂ ಜೇನುಮೇಣ ಮೆತ್ತಿ, ಫಳಫಳ ಹೊಳೆಯುವ ಕನ್ನಡಕ ಮಾಡಿಟ್ಟಿದ್ದ.

"ಕಾಯಿ ಬಿಡಿ ಭೈರಣ್ಣೋರೇ, ಒಳಗೆ ಗಾಳಿ ಕೂಡ ನುಗ್ಗಲ್ಲ!" ಅಂದ ನರಿರಾಯ. "ಹಾಕ್ಕೊಂಡು ನೀರಲ್ಲಿ ಮುಖ ನೋಡ್ಕೊಳ್ಳಿ. ಅಲ್ಲಾಡಬೇಡಿ. ಮಾತೂ ಬೇಡ. ಆಹಾ, ರಾಜಕಳೆ!"

ಭೈರಣ್ಣ ಉಸಿರು ಬಿಗಿಹಿಡಿದು ನೀರಲ್ಲಿ ನೋಡಿಕೊಂಡ. ಒಂದು ಕಣ್ಣಿಲ್ಲದ್ದು ಅವನಿಗೇ ಮರೆತುಹೋಯಿತು.

"ಇವ್ರು ಒಂಚೂರು ಓಡಿ ನೋಡ್ಬಹುದಾ?" ಅಂದಳು ಚಿಕ್ಕತಾಯಿ.

"ಏನಮ್ಮಾ ನೀವು! ಕನ್ನಡಕ ಇರೋದು ನೋಡೋಕೆ. ಓಡೋಕೆ ಕಾಲಿಲ್ವಾ?"

ಎದುರು ಮರದಲ್ಲಿ ಗೀಜಗ ಹಕ್ಕಿ ಈಚಲ ನಾರಿನಿಂದ ಒತ್ತಾಗಿ ಹೆಣೆದ ಜಾಲರಿ ಕನ್ನಡಕಗಳನ್ನು ತೂಗುಹಾಕಿತ್ತು. ಚಿಕ್ಕತಾಯಿ ಅತ್ತ ಕೈ ತೋರಿಸಿದಳು. "ಥೂ, ಜರಡಿ ಇದ್ದ ಹಾಗಿದೆ," ಎಂದ ಭೈರಣ್ಣ. ಒಂದು ಗೊಂಚಲು ಅತ್ತಿಹಣ್ಣು ಕೊಟ್ಟು ನರಿರಾಯನ ಕನ್ನಡಕವನ್ನೇ ಕೊಂಡ.

ಮನೆಗೆ ಬಂದವನು ಸುಮ್ಮನಿದ್ದನೇ? ನೆರೆಹೊರೆಗೆ ತೋರಿಸಬೇಕಲ್ಲ! ಕನ್ನಡಕ ಏರಿಸಿಕೊಂಡು ಕೊಂಬೆಯಿಂದ ಕೊಂಬೆಗೆ ನೆಗೆದ. ಮೈ ಬಿಸಿಯಾಯಿತು, ಉಸಿರು ಏರಿತು. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಕನ್ನಡಕಕ್ಕೆಲ್ಲ ಮಂಜು ಮುಸುಕಿತು. ಕೊಂಬೆ ಅಂದುಕೊಂಡು ಬರೀ ಗಾಳಿಯನ್ನು ಹಿಡಿದ. ದೊಪ್ಪೆಂದು ಲಂಟಾನ ಪೊದೆಗೆ ಬಿದ್ದ.

ಚಿಕ್ಕತಾಯಿ ಓಡಿಬಂದು ಅವನನ್ನು ಮೇಲೆತ್ತಿದಳು. ಆಮೇಲೆ ಸಿಟ್ಟು ಬಂತು. ಗಂಡನನ್ನು ಎಳೆದುಕೊಂಡು ಅಂಗಡಿಗೆ ಹೋದಳು. ಅಲ್ಲಿ ಮೊಲ, ಮುಂಗುಸಿ, ಕಾಡುಹಂದಿ ಕನ್ನಡಕ ಕೊಳ್ಳಲು ಸಾಲಾಗಿ ನಿಂತಿದ್ದವು. ಎಲ್ಲರೂ ಭೈರಣ್ಣನ ತಂಡದವರೇ.

"ನಿಮ್ಮ ಯಜಮಾನ್ರ ಉಸಿರು ಬಿಸಿ ಕಣಮ್ಮಾ," ಅಂದ ನರಿರಾಯ, ಬಹಳ ಮರುಕದಿಂದ. "ಅದಕ್ಕೆ ಕನ್ನಡಕ ಏನು ಮಾಡುತ್ತೆ ಪಾಪ? ಆಡೋವಾಗ ಸ್ವಲ್ಪ ಕಡಿಮೆ ಉಸಿರಾಡೋಕೆ ಹೇಳಿ."

"ಹೌದಾ? ನಿಮ್ಮ ಉಸಿರು ತಣ್ಣಗಿರಬೇಕಲ್ವಾ?"

"ಮಂಜುಗಡ್ಡೆ!"

"ಹಾಗಿದ್ರೆ ಆಯ್ತು. ನಾಳೆ ಆಟಕ್ಕೆ ನೀವು ನಮ್ಮೋರ ಈ ಕನ್ನಡಕಾನೇ ಹಾಕ್ಕೊಳ್ಳಿ. ನಮ್ಮೋರು ಜರಡೀನೇ ಹಾಕ್ಕೊಳ್ತಾರೆ."

ನರಿರಾಯ ಮೆಲ್ಲಗೆ ತನ್ನ ಕನ್ನಡಕವನ್ನು ಬೆನ್ನ ಹಿಂದೆ ಸರಿಸಿದ. ತನ್ನ ಕನ್ನಡಕದ ಮೇಣಕ್ಕೆ ಮಾತ್ರ ಅವನು ಗುಟ್ಟಾಗಿ ತೂತು ಕೊರೆದಿಟ್ಟುಕೊಂಡಿದ್ದ. ಆದರೆ ಸಾಲಿನಲ್ಲಿದ್ದವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಒಲ್ಲೆ ಅಂದರೆ ವ್ಯಾಪಾರಕ್ಕೆ ಕಲ್ಲು. "ಅದಕ್ಕೇನಂತೆ!" ಎಂದು ಹಲ್ಲು ಕಿರಿದ.

ಮರುದಿನ ಆಟ ಶುರುವಾಯಿತು. ನರಿರಾಯ ಒಂದು ಸುತ್ತು ಓಡಿದ. ನಾಲಿಗೆ ಹೊರಬಂತು. ಕಣ್ಣ ಮುಂದೆ ಮಂಜು ಇಳಿಯಿತು. ಕನ್ನಡಕ ತೆಗೆಯುವ ಹಾಗಿಲ್ಲ, ತೆಗೆದರೆ ಆಟವೂ ಹೋಯಿತು, ಅಂಗಡಿಯೂ ಹೋಯಿತು. ತಡವುತ್ತಾ ತಡವುತ್ತಾ ಒಂದು ಪೊದೆಯ ಹಿಂದೆ ಬಂದ. ಬೂದು ಬಣ್ಣದ್ದೇನೋ ಕಂಡಿತು. ತನ್ನ ತಂಡದ ತೋಳ ಅಂದುಕೊಂಡು ಪಕ್ಕದಲ್ಲೇ ಕೂತ.

"ತೋಳಪ್ಪಾ, ಹೆದರಬೇಡ ಕಣೋ," ಎಂದು ಏದುಸಿರು ಬಿಟ್ಟ. "ಮೊಲ, ಹಂದಿ, ಮುಂಗುಸಿ ಎಲ್ರಿಗೂ ಈ ಹಾಳು ಕನ್ನಡಕ ಮಾರಿದ್ದೀನಿ. ಒಬ್ರಿಗೂ ಏನೂ ಕಾಣಲ್ಲ. ಆ ಒಕ್ಕಣ್ಣ ಒಬ್ಬ ತಪ್ಪಿಸ್ಕೊಂಡ. ಅವನೆಲ್ಲಿದ್ದಾನೆ, ನೋಡಿ ಹೇಳು."

"ಇಲ್ಲೇ ಇದ್ದೀನಿ," ಅಂದ ಭೈರಣ್ಣ. ನರಿರಾಯನ ಬೆನ್ನಿಗೆ ಪೆಟ್ಲು ಇಟ್ಟು ಟಪ್ ಎನ್ನಿಸಿದ. "ಸತ್ತೆ ಅನ್ನಿ ರಾಯರೇ."

ಏನೂ ಕಾಣದೆ ಪೊದೆಯ ಆಚೆ ಕೂತಿದ್ದ ಮೊಲ, ಹಂದಿ, ಮುಂಗುಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದವು. ಗೊಳ್ಳೆಂದು ನಗು ಎದ್ದಿತು. ನರಿರಾಯನಿಗೆ ಮೈಯೆಲ್ಲ ಉರಿಯಿತು. ಸತ್ತವನು ಹೊಡೆಯಬಾರದು ಎಂಬ ನಿಯಮವನ್ನೂ ಮರೆತು, ನಗು ಬಂದ ಕಡೆಗೆ ಪೆಟ್ಲು ತಿರುಗಿಸಿ ಕಡ್ಡಿ ತಳ್ಳಿಬಿಟ್ಟ. ಕಾಯಿ ನೇರವಾಗಿ, ನಡುವೆ ನಿಂತು ನಗುತ್ತಿದ್ದ ಭೈರಣ್ಣನ ಬಲಗಣ್ಣಿಗೆ ಬಂದು ಬಡಿಯಿತು.

ನಗು ನಿಂತಿತು. ಮರದ ಮೇಲಿದ್ದ ಚಿಕ್ಕತಾಯಿ "ಅಯ್ಯೋ ನನ್ನ ಕರ್ಮವೇ!" ಎಂದು ಕಿರುಚುತ್ತಾ ಧುಮುಕಿ ಓಡಿಬಂದಳು. ಭೈರಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತಿದ್ದ. ಮೆಲ್ಲಗೆ ಕೈ ಇಳಿಸಿದ. ಜಾಲರಿಯ ಒಂದೆರಡು ನಾರು ಸಡಿಲವಾಗಿದ್ದವು. ಕಾಯಿ ಕೆಳಗೆ ಬಿದ್ದಿತ್ತು.

"ಕಾಣ್ತಿದೆ ಕಣೇ," ಅಂದ. "ನೀನು ಅಳ್ತಿರೋದೂ ಕಾಣ್ತಿದೆ."

"ನಾನ್ಯಾಕೆ ಅಳ್ಲಿ?" ಎಂದು ಗದರಿ ಚಿಕ್ಕತಾಯಿ ಇನ್ನೂ ಜೋರಾಗಿ ಅತ್ತಳು.

ಅಂದು ಸಂಜೆ ಹಳ್ಳದ ದಂಡೆಯಲ್ಲಿ ವಾಪಸು ಬಂದ ಕನ್ನಡಕಗಳ ರಾಶಿ ಬಿತ್ತು. ನರಿರಾಯನಿಗೆ ಪ್ರಾಣಿಗಳು ದೊಡ್ಡ ಶಿಕ್ಷೆಯೇನೂ ಕೊಡಲಿಲ್ಲ. ನಿನ್ನ ಕನ್ನಡಕ ಹಾಕಿಕೊಂಡೇ ಮನೆಗೆ ಓಡಿ ಹೋಗು ಅಂದವು, ಅಷ್ಟೇ. ಬೆಳಗಾದಾಗ ಅವನು ಮೈತುಂಬ ಮುಳ್ಳು ಚುಚ್ಚಿಸಿಕೊಂಡು, ತಲೆ ತಗ್ಗಿಸಿ ಗೀಜಗದ ಮರದ ಕೆಳಗೆ ನಿಂತಿದ್ದ.

"ನನಗೂ ಒಂದು ಜರಡಿ ಕೊಡಪ್ಪಾ."

"ಕೊಡೋಣ," ಅಂದಿತು ಗೀಜಗ. "ಹಾಕ್ಕೊಂಡು ಮೊದಲು ಒಂದು ಸುತ್ತು ಓಡಿ ಬನ್ನಿ."

ನರಿರಾಯ ಓಡಿದ.

ನೀತಿ: ಓಡುವಾಗ ಬೇಕಾಗುವ ವಸ್ತುವನ್ನು ನಿಂತು ನೋಡಿ ಕೊಳ್ಳಬಾರದು, ಅದು ಬಹಳ ಚೆನ್ನಾಗಿದೆ ಎನ್ನುವವನಿಗೇ ಮೊದಲು ಹಾಕಿಸಿ ಓಡಿಸಿ ನೋಡಬೇಕು.